ಹವಾಲ್ದಾರರ ಮುಂಗೈ

ಮೋರಟಗಿಯಲ್ಲಿ ಮಾಳಿಂಗಪ್ಪ ಎಂಬ ಹೆಸರಿನವರು ಓಣಿಗೊಬ್ಬರಾದರೂ ಸಿಗುತ್ತಾರೆ. ಆದರೆ ಹವಾಲ್ದಾರರು ಎಂದರೆ ಒಬ್ಬರೇ. ನಾನು ಅದೇ ಊರಿನ ಶಾಲೆಯಲ್ಲಿ ಮಾಸ್ತರನಾಗಿದ್ದವನು. ಅವರ ಮನೆಗೂ ನನ್ನ ಮನೆಗೂ ನಡುವೆ ಇದ್ದದ್ದು ಎದೆಮಟ್ಟದ ಒಂದು ಮಣ್ಣಿನ ಗೋಡೆ. ಆ ಗೋಡೆಯ ಈಚೆ ನಿಂತು ಕೇಳಿದ್ದನ್ನೂ ಆಚೆ ಹೋಗಿ ಕಣ್ಣಾರೆ ಕಂಡದ್ದನ್ನೂ ಸೇರಿಸಿ ಇದನ್ನು ಬರೆಯುತ್ತಿದ್ದೇನೆ. ಅವರ ಎಡಗೈಯಲ್ಲಿ ಎರಡು ಬೆರಳಿರಲಿಲ್ಲ. ಯುದ್ಧದಲ್ಲಿ ಹೋದವು ಎನ್ನುವವರಿದ್ದರು, ವೈರಿಯ ಟ್ಯಾಂಕಿನ ಮೇಲೆ ಹತ್ತಿದಾಗ ಹೋದವು ಎಂದು ಆಣೆ ಮಾಡಿ ಹೇಳುವವರೂ ಇದ್ದರು. ಚಹಾದಂಗಡಿಯಲ್ಲಿ ಕೂತವರಿಗೆ ಬೇರೆ ಕೆಲಸವೇನು? ಹವಾಲ್ದಾರರು ಟ್ಯಾಂಕಿನ ಹತ್ತಿರಕ್ಕೂ ಹೋದವರಲ್ಲ.

ಅವರದು ಕುರಿ ಕಾಯುವ ಮನೆತನ. ಮೀಸೆ ಮೂಡುವ ತನಕ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಭೀಮಾ ದಂಡೆಯವರೆಗೆ ಕುರಿಗಳ ಹಿಂದೆ ತಿರುಗಿದರು. ಒಮ್ಮೆ ಉಣ್ಣೆ ಮಾರಲು ವಿಜಾಪುರಕ್ಕೆ ಹೋದವರು ಸೈನ್ಯದ ಭರ್ತಿಯ ಸಾಲು ಕಂಡು ಅದರಲ್ಲಿ ನಿಂತುಬಿಟ್ಟರು. ಸೈನ್ಯದವರು ಅವರನ್ನು ಉತ್ತರದ ಕಡೆ ಮದ್ದುಗುಂಡಿನ ಉಗ್ರಾಣವೊಂದಕ್ಕೆ ಹಾಕಿದರು. ಗುಂಡುಗಳನ್ನು ಒಣಜಾಗದಲ್ಲಿ ಇಡುವುದು, ಹಳತು ಹೊಸತು ಬೇರೆ ಮಾಡುವುದು, ಕೊಡುವುದು, ತಿರುಗಿ ತೆಗೆದುಕೊಳ್ಳುವುದು. ಈ ಕೆಲಸ ಅವರಿಗೆ ಬೇಗ ಒಗ್ಗಿತು. ಬೆಳಿಗ್ಗೆ ಹೊರಗೆ ಬಿಟ್ಟ ಕುರಿ ಸಂಜೆಗೆ ಹಟ್ಟಿಗೆ ಬಂತೋ ಇಲ್ಲವೋ, ಬಂದದ್ದು ಹೋದ ಹಾಗೆಯೇ ಬಂತೋ ಅಥವಾ ಕುಂಟುತ್ತಾ ಬಂತೋ ಎಂದು ನೋಡಿ ಬೆಳೆದವರು. ಕೆಲವು ವರ್ಷಗಳಲ್ಲಿ ಅವರೇ ಹೊಸಬರಿಗೆ ಕಲಿಸುವ ಉಸ್ತಾದರಾದರು.

ಬೆರಳು ಹೋದದ್ದು ಅಲ್ಲಿ, ಪಾಠ ಹೇಳುವಾಗ. ಉಗ್ರಾಣದ ಶೆಡ್ಡಿನಲ್ಲಿ ಮೇಜಿನ ಮೇಲೆ ಎರಡು ತಟ್ಟೆಗಳಿರುತ್ತಿದ್ದವು. ಒಂದರಲ್ಲಿ ಸ್ಫೋಟ ಹೊತ್ತಿಸುವ ಸಣ್ಣ ಕೊಳವೆಗಳು, ಮದ್ದು ತೆಗೆದು ಖಾಲಿ ಮಾಡಿದವು, ಕಲಿಸುವುದಕ್ಕೆ. ಇನ್ನೊಂದರಲ್ಲಿ ಮದ್ದು ತುಂಬಿದವು. ಆ ದಿನ ಮೇಜು ಒರೆಸಿದವರು ಯಾರೋ ತಟ್ಟೆಗಳ ಜಾಗ ಬದಲಿಸಿಟ್ಟಿದ್ದರು. ಮಾಳಿಂಗಪ್ಪ ಮಾತಾಡುತ್ತಾ, ಮೇಜಿನ ಕಡೆ ನೋಡದೆ, ರೂಢಿಯಂತೆ ಕೈ ಚಾಚಿ ಒಂದು ಕೊಳವೆ ಎತ್ತಿಕೊಂಡು ಅದರ ತುದಿಯನ್ನು ಒತ್ತಿ ತೋರಿಸಿದರು. ಅವರ ಬೆರಳು ಹಾರಿಹೋದವು. ಪಕ್ಕದಲ್ಲಿ ಬಗ್ಗಿ ನೋಡುತ್ತಿದ್ದ ಶಿಷ್ಯನ ಎರಡೂ ಕಣ್ಣು ಹೋದವು. ಅವನು ನಾಲತವಾಡದ ಬೀರಣ್ಣ. ದೂರದ ಊರಿನಲ್ಲಿ ನಮ್ಮ ಜಿಲ್ಲೆಯ ಮಾತಾಡುವವನು ಸಿಕ್ಕ ಎಂದು ಹವಾಲ್ದಾರರು ಅವನನ್ನು ಮನೆಯ ತಮ್ಮನಂತೆ ನೋಡಿಕೊಂಡಿದ್ದರು.

ಆಸ್ಪತ್ರೆಯಲ್ಲಿ ಪಕ್ಕದ ಮಂಚದ ಮೇಲೆ ಮಲಗಿದ್ದ ಬೀರಣ್ಣನನ್ನು ಅವರು ಕೇಳಿದರಂತೆ.

"ತಟ್ಟಿ ಬದಲಾಗಿದ್ದು ನೀ ನೋಡಿದ್ದೇನು?"

"ನೋಡಿದ್ನಿರಿ ಉಸ್ತಾದ."

"ಮತ್ಯಾಕ ಅನ್ನಲಿಲ್ಲೋ?"

"ನಾ ಹ್ಯಾಂಗ ಅನ್ಲಿರಿ? ತಾವು ಎತ್ಕೊಂಡ್ರಿ ಅಂದ ಮ್ಯಾಲ ಅದು ಸರಿನ ಇರ್ತೈತಿ ಅನ್ಕೊಂಡ್ನಿ."

ಇದನ್ನು ನನಗೆ ಹೇಳುವಾಗ ಹವಾಲ್ದಾರರು ಗೋಡೆಯ ಮೇಲಿನ ಮಣ್ಣನ್ನು ಉಗುರಿನಿಂದ ಕೆರೆಯುತ್ತಿದ್ದರು. ನನಗೆ ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು ಬಂತು. ನಮ್ಮಲ್ಲಿ ಮಕ್ಕಳಿಗೆ ನಡೆಯುವುದಕ್ಕಿಂತ ಮೊದಲು ಹಿರಿಯರ ಮುಂದೆ ಬಾಯಿ ಮುಚ್ಚುವುದನ್ನು ಕಲಿಸುತ್ತಾರೆ. ನಾನು ಹಲಗೆಯ ಮೇಲೆ ತಪ್ಪು ಲೆಕ್ಕ ಬರೆದರೆ ಇಡೀ ವರ್ಗ ತಲೆ ಬಗ್ಗಿಸಿ ಅದನ್ನೇ ಪಾಟಿಯ ಮೇಲೆ ಬರೆದುಕೊಳ್ಳುತ್ತದೆ. ಅದನ್ನು ಗೌರವ ಎಂದು ನಾವೆಲ್ಲ ಹೆಮ್ಮೆಪಡುತ್ತೇವೆ. ಆ ಗೌರವಕ್ಕೆ ಬೀರಣ್ಣ ಕಣ್ಣು ತೆತ್ತ.

ಪೆನ್ಶನ್ ಪಡೆದು ಊರಿಗೆ ಬಂದ ಮೇಲೆ ಹವಾಲ್ದಾರರು ಒಂದಿಷ್ಟು ಕುರಿ ಕಟ್ಟಿಕೊಂಡರು, ಮಗಳು ಸಾತವ್ವನನ್ನು ಇಂಡಿ ತಾಲೂಕಿನ ಹಲಸಂಗಿಗೆ ಕೊಟ್ಟರು. ಆಗಾಗ ನಾಲತವಾಡಕ್ಕೆ ಹೋಗಿ ಬೀರಣ್ಣನ ಕಟ್ಟೆಯ ಮೇಲೆ ಕೂತು ಬರುತ್ತಿದ್ದರು. ಹೋಗಿ ಬಂದ ದಿನ ಊಟ ಮಾಡುತ್ತಿರಲಿಲ್ಲ. ಅವರ ಹೆಂಡತಿ ಚಂದವ್ವ ನನ್ನ ಹೆಂಡತಿಯ ಮುಂದೆ, "ಆ ಊರಿಗಿ ಹೋಗಬ್ಯಾಡ್ರಿ ಅಂದ್ರ ಕೇಳೂದಿಲ್ಲ, ಹೋಗಿ ಬಂದ್ರ ನನಗ ಅಡಗಿ ಮಾಡಿದ್ದು ದಂಡ" ಎಂದು ಗೊಣಗುತ್ತಿದ್ದಳು. ಗೊಣಗುತ್ತಲೇ ಬೀರಣ್ಣನ ಮನೆಗೆಂದು ಚಟ್ನಿಪುಡಿ ಕಟ್ಟಿ ಕೊಡುತ್ತಿದ್ದಳು.

ಎಪ್ಪತ್ತಾರನೆಯ ಇಸವಿಯಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕೂ ತಾಲೂಕಿನ ಹೋಮ್‌ಗಾರ್ಡ್ ತುಕಡಿಗಳಿಗೆ ಗುಂಡು ಹಾರಿಸಲು ಕಲಿಸುವವರಿದ್ದರು. ಗುಂಡನ್ನು ಜೋಪಾನವಾಗಿ ಇಡಲು ಕಲಿಸುವವರು ಬೇಕಾಗಿದ್ದರು. ತಾಲೂಕಿಗೊಬ್ಬರನ್ನು ಹವಾಲ್ದಾರರ ಬಳಿ ಕಳಿಸುವುದು, ಅವರು ಕಲಿತು ಹೋಗಿ ತಮ್ಮ ತಮ್ಮ ತುಕಡಿಗೆ ಕಲಿಸುವುದು ಎಂದು ನಿರ್ಧಾರವಾಯಿತು. ಸಿಂದಗಿಯಿಂದ ದರ್ಜಿ ಕುತುಬುದ್ದೀನ ಬಂದ. ಮುದ್ದೇಬಿಹಾಳದಿಂದ ರಾಚಪ್ಪ, ಹೊಲಮನೆ ಚೆನ್ನಾಗಿದ್ದ ಹುಡುಗ, ಮಾತಿನ ಮಲ್ಲ. ಬಾಗೇವಾಡಿಯಿಂದ ಗುರುಲಿಂಗಪ್ಪ, ವಯಸ್ಸಾದವರು, ಹಣೆಯ ತುಂಬ ವಿಭೂತಿ. ಇಂಡಿಯಿಂದ ಬಂದವನು ಹಲಸಂಗಿಯ ಸಿದ್ದರಾಯ, ಹವಾಲ್ದಾರರ ಸ್ವಂತ ಅಳಿಯ.

ಅಳಿಯ ಶಿಷ್ಯನಾಗಿ ಬಂದದ್ದು ಮನೆಯಲ್ಲಿ ದೊಡ್ಡ ಪೇಚಾಯಿತು. ನಮ್ಮ ಕಡೆ ಅಳಿಯನಿಗೆ ಮಾವ ಎದ್ದು ನಿಂತು ನೀರು ಕೊಡಬೇಕು. ಅಳಿಯನಾದವನು ಮಾವನ ಎದುರು ಗೋಡೆ ನೋಡುತ್ತಾ ಎರಡು ಮಾತಾಡಿ ಮುಗಿಸಬೇಕು. ಶಾಲೆಯ ಹಿತ್ತಲಿನಲ್ಲಿ ನಡೆಯುತ್ತಿದ್ದ ಪಾಠದಲ್ಲಿ ಹವಾಲ್ದಾರರು, "ಏ ಸಿದ್ದರಾಯಾ, ಪೆಟ್ಟಿಗಿ ಬಿಸಲಾಗ ಯಾಕ ಇಟ್ಟಿ?" ಎಂದು ಗದರುವರು. ಅದೇ ಮನುಷ್ಯ ಮಧ್ಯಾಹ್ನ ಮನೆಯಲ್ಲಿ, "ಅಳಿಯಂದ್ರ, ಊಟಕ್ಕ ಏಳ್ರಿ" ಎನ್ನುವರು. ಸಿದ್ದರಾಯನಿಗೆ ಎರಡು ಕಡೆಯೂ ಬೆವರು.

ಮೊದಲನೆಯ ದಿನವೇ ಹವಾಲ್ದಾರರು ಅಂಗಿಯ ತೋಳು ಮಡಚಿ ತಮ್ಮ ಎರಡೂ ಕೈ ಮುಂದೆ ಚಾಚಿದರು. ಬೀರಣ್ಣನ ಕಥೆಯನ್ನು ಏನೂ ಮುಚ್ಚದೆ ಹೇಳಿದರು. ಆಮೇಲೆ ಅಂದರು:

"ಪೆಟ್ಟಿಗಿ ಇಡೂದು, ಎಣಿಸೂದು ಯಾರರ ಕಲಸ್ತಾರ. ನಾ ಕಲಸೂದು ಒಂದ. ನನ್ನ ಕೈ ತಪ್ಪ ಮಾಡಾಕತ್ತೈತಿ ಅಂತ ಕಂಡ್ರ ಮುಂಗೈ ಹಿಡೀರಿ. ಬಾಯಿಲೆ ಹೇಳಾಕ ಹೋಗಬ್ಯಾಡ್ರಿ, ನಮ್ಮ ಬಾಯಿ ಹಿರ್ಯಾರ ಮುಂದ ತಡಾ ಮಾಡ್ತೈತಿ. ಕೈಲೆ ಹಿಡೀರಿ. ನಾಳಿ ನಿಮ್ಮ ತುಕಡಿಯವರಿಗೂ ಇದನ್ನ ಕಲಸ್ರಿ. ಸಣ್ಣಾವ ದೊಡ್ಡಾವನ ಕೈ ಹಿಡಿಯಾಕ ಹೆದರೋ ಜಾಗಾದಾಗ ಮದ್ದು ಇಡಬಾರದು."

ಗುರುಲಿಂಗಪ್ಪನವರು ಕುಳಿತಲ್ಲೇ ಮಿಸುಕಾಡಿದರು. "ಕಲಸೋ ಗುರುವಿನ ಕೈ ಹಿಡದು ನಿಲ್ಲಸೂದು ಪಾಪ ಅಲ್ಲೇನ್ರಿ ಹವಾಲ್ದಾರ್ರ?"

"ಆ ಪಾಪ ನನ್ನ ಲೆಕ್ಕಕ್ಕ ಇರ್ಲಿ."

ಆಮೇಲೆ ಅವರು ಬೇಕೆಂದೇ ತಪ್ಪು ಮಾಡತೊಡಗಿದರು. ಒಂದು ದಿನ ಹೊತ್ತಿಸಿದ ಬೀಡಿ ಹಿಡಿದುಕೊಂಡೇ ಕಾಡತೂಸಿನ ಪೆಟ್ಟಿಗೆಯ ಮೇಲೆ ಬಗ್ಗಿದರು. ಪೆಟ್ಟಿಗೆಯಲ್ಲಿ ಹಾರಿಸಿ ಉಳಿದ ಖಾಲಿ ಚಿಪ್ಪುಗಳಷ್ಟೇ ಇದ್ದವು, ಆದರೆ ಅದು ನಾಲ್ವರಿಗೂ ಗೊತ್ತಿರಲಿಲ್ಲ. ಅವರು ಮುಖ ಮುಖ ನೋಡಿಕೊಂಡರು. ಕುತುಬುದ್ದೀನ ಕೆಮ್ಮಿದ. ಸಿದ್ದರಾಯ ನೆಲ ನೋಡಿದ. ಕೈ ಯಾರೂ ಎತ್ತಲಿಲ್ಲ. ಹವಾಲ್ದಾರರು ಬೀಡಿ ನೆಲಕ್ಕೆ ತಿಕ್ಕಿ ಆರಿಸಿ, ಪಾಠ ನಿಲ್ಲಿಸಿ ಮನೆಗೆ ಹೋಗಿಬಿಟ್ಟರು.

ದಿನ ಕಳೆದಂತೆ ನಾಲ್ವರೂ ಕಲಿತರು. ಕಲಿತದ್ದು ಮಾತ್ರ ಬೇರೆಯದನ್ನು. ಉಸ್ತಾದರು ಬೇಕೆಂದೇ ತಪ್ಪು ಮಾಡುತ್ತಾರೆ, ಹಿಡಿದರೆ ಖುಷಿಯಾಗುತ್ತಾರೆ ಎಂದು ಗೊತ್ತಾಗಿ, ಅವರು ಕೈ ಎತ್ತಿದರೆ ಸಾಕು, ನಾಲ್ಕು ಕೈ ಒಟ್ಟಿಗೆ ಬಂದು ಬೀಳತೊಡಗಿದವು. ರಾಚಪ್ಪ ಅಂತೂ ಅವರು ಮೂಗು ಒರೆಸಿಕೊಳ್ಳಲು ಕೈ ಎತ್ತಿದಾಗಲೂ ಹಿಡಿದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಶಾಲೆಯ ಕಿಟಕಿಯಲ್ಲಿ ನಿಂತಿದ್ದ ನಾನೂ ನಕ್ಕೆ. ಹವಾಲ್ದಾರರು ನಗಲಿಲ್ಲ.

ಆ ಸಂಜೆ ಗೋಡೆಯ ಹತ್ತಿರ ಬಂದು ನಿಂತರು. "ಆಟ ಆಗಿ ಹೋತು ಮಾಸ್ತರ. ಪರೀಕ್ಷಾ ಅಂತ ಗೊತ್ತಿದ್ದಾಗ ಹಿಡ್ಯಾಕ ಏನ ಧೈರ್ಯ ಬೇಕು? ನಾ ಖರೇನ ತಪ್ಪಿದಾಗ ಹಿಡಿಯಾಂವ ಬೇಕು ನನಗ. ಖರೇ ತಪ್ಪು ಬೇಕಂತ ಹ್ಯಾಂಗ ಮಾಡ್ಲಿ?"

"ಮತ್ತ ಇವರನ್ನ ಪಾಸ್ ಮಾಡೂದು ಹ್ಯಾಂಗ್ರಿ? ದಸರಾ ಮುಗದ್ರ ಹೋಗಿ ಕಲಸವ್ರು."

"ಇದ ತ್ರಾಸ ಆಗೈತಿ ನನಗ. ಹಿಂಗ ಕಳಿಸಿದ್ರ ನಾಲ್ಕ ತಾಲೂಕಿನಾಗ ಇನ್ನೊಬ್ಬ ಬೀರಣ್ಣ ಆಗೂದಿಲ್ಲಂತ ನಾ ಯಾವ ಬಾಯಿಲೆ ಹೇಳ್ಲಿ?"

ಅವರ ಕಣ್ಣು ತುಂಬಿತ್ತು.

ಖಂಡೇ ಪೂಜೆಯ ದಿನ ಬಂತು. ಕುಡುಗೋಲು, ಕೊಡಲಿ, ಹೊಲಿಗೆ ಯಂತ್ರ, ಏನು ಹಿಡಿದು ದುಡಿಯುತ್ತೇವೋ ಅದಕ್ಕೆ ಕೈ ಮುಗಿಯುವ ದಿನ. ಕೊನೆಯ ಪಾಠ ಊರ ಹೊರಗಿನ ಹಳೆಯ ಕಲ್ಲುಗಣಿಯಲ್ಲಿತ್ತು. ಅಂದು ನಿಜವಾದ ಬಂದೂಕು, ನಿಜವಾದ ಕಾಡತೂಸು. ಹಬ್ಬವಾದ್ದರಿಂದ ಊರ ಜನವೂ ದೂರದ ದಿಬ್ಬದ ಮೇಲೆ ಕೂತಿದ್ದರು. ಹವಾಲ್ದಾರರು ಪೆಟ್ಟಿಗೆಯನ್ನು ಕಂಬಳಿಯ ಮೇಲೆ ಇಡಿಸಿ, ತಮ್ಮ ಕೈಯಿಂದಲೇ ಅದರ ಮುಚ್ಚಳಕ್ಕೆ ದೇವರ ಅರಿಶಿನದ ಭಂಡಾರ ಹಚ್ಚಿದರು. ಊದುಬತ್ತಿ ಇಲ್ಲ, ಕರ್ಪೂರ ಇಲ್ಲ. ಆರತಿ ತಂದ ಚಂದವ್ವನನ್ನು ದೂರದ ಒಂದು ಹುಣಸೆ ಮರದ ಹತ್ತಿರವೇ ನಿಲ್ಲಿಸಿದರು. "ದೇವ್ರಿಗೂ ದೂರ ನಿಂದ್ರ ಅಂತಾರ ಈ ಮನಷ್ಯಾ" ಎಂದು ಅವಳು ಅಲ್ಲಿಂದಲೇ ಆರತಿ ಬೆಳಗಿದಳು.

ಮೊದಲು ಹವಾಲ್ದಾರರೇ ಹಾರಿಸಿ ತೋರಿಸಬೇಕಿತ್ತು. ಗುರಿ ಹಿಡಿದು ಒತ್ತಿದರು. ಟಕ್ ಎಂದಿತು, ಗುಂಡು ಹಾರಲಿಲ್ಲ. ಹೀಗಾದಾಗ ಏನು ಮಾಡಬೇಕೆಂದು ಅವರೇ ಎಷ್ಟೋ ಸಲ ಕಲಿಸಿದ್ದರು. ಬಂದೂಕಿನ ಬಾಯಿ ಗುರಿಯ ಕಡೆಗೇ ಇರಬೇಕು, ಕಾಯಬೇಕು. ಆಮೇಲೆ ತೆರೆದು ಕಾಡತೂಸನ್ನು ನೆಲಕ್ಕೆ ಬೀಳಿಸಬೇಕು. ಬಿದ್ದದ್ದನ್ನು ಮುಟ್ಟಬಾರದು, ಮುಖದ ಹತ್ತಿರ ತರಲೇಬಾರದು, ಒಳಗಿನ ಮದ್ದಿಗೆ ಯಾವಾಗ ಕಿಡಿ ಹತ್ತುತ್ತದೆ ಎಂದು ಹೇಳಲಾಗದು. ಹವಾಲ್ದಾರರು ಕಾದರು. ತೆರೆದರು. ಕಾಡತೂಸು ಧೂಳಿನಲ್ಲಿ ಬಿತ್ತು. ಬಂದೂಕನ್ನು ಕೆಳಗಿಟ್ಟರು.

ಆಮೇಲೆ ನಡೆದದ್ದು ನಮ್ಮ ಕಡೆಯ ಯಾರಿಗಾದರೂ ಅರ್ಥವಾಗುತ್ತದೆ. ರೊಟ್ಟಿಯ ತುಣುಕು ನೆಲಕ್ಕೆ ಬಿದ್ದರೆ, ಪುಸ್ತಕಕ್ಕೆ ಕಾಲು ತಾಕಿದರೆ, ಭಂಡಾರ ಚೆಲ್ಲಿದರೆ ನಾವು ಏನು ಮಾಡುತ್ತೇವೆ? ಎತ್ತಿ ಕಣ್ಣಿಗೆ ಒತ್ತಿಕೊಳ್ಳುತ್ತೇವೆ. ಯಾರೂ ಯೋಚಿಸಿ ಮಾಡುವುದಲ್ಲ, ತಾಯಿಯ ಮಡಿಲಲ್ಲೇ ಕೈಗೆ ಹತ್ತಿದ್ದು. ಖಂಡೇ ಪೂಜೆಯ ದಿನ, ಈಗಷ್ಟೇ ಪೂಜೆಯಾದ ವಸ್ತು ಮಣ್ಣಿಗೆ ಬಿದ್ದಿತ್ತು. ಹವಾಲ್ದಾರರು ಕುಕ್ಕರಗಾಲಿನಲ್ಲಿ ಕೂತು, ಬಲಗೈಯಿಂದ ಆ ಕಾಡತೂಸನ್ನು ಎತ್ತಿ, ಧೂಳು ಊದಿ, ಕಣ್ಣು ಮುಚ್ಚಿ ಅದನ್ನು ಕಣ್ಣಿನ ಕಡೆ ತಂದರು.

ದಿಬ್ಬದ ಮೇಲಿನ ಮುದುಕಿಯರು ತಾವೂ ಕೈ ಮುಗಿದರು. ಗುರುಲಿಂಗಪ್ಪನವರು ಕೈ ಮುಗಿದರು, ರಾಚಪ್ಪನೂ ಮುಗಿದ. ಕುತುಬುದ್ದೀನ ತಲೆ ಬಗ್ಗಿಸಿದ. ಆ ಕ್ಷಣದಲ್ಲಿ ಅದು ಅವರಿಗೆ ಭಕ್ತಿಯಾಗಿ ಕಂಡಿತು, ಬೇರೇನೂ ಕಾಣಲಿಲ್ಲ.

ಸಿದ್ದರಾಯ ಮಾತ್ರ ಹಾರಿ ಬಂದ. ಎರಡೂ ಕೈಯಿಂದ ಮಾವನ ಮುಂಗೈ ಹಿಡಿದು ಕೆಳಕ್ಕೆ ತಿರುಚಿ ಆಚೆ ತಳ್ಳಿದ. ಕಾಡತೂಸು ಕೈಯಿಂದ ಜಾರಿ ದೂರ ಬಿತ್ತು. ಅವನು ಎಳೆದ ರಭಸಕ್ಕೆ ಹವಾಲ್ದಾರರು ಮಗ್ಗುಲಾಗಿ ಉರುಳಿದರು, ತಲೆಯ ಪಟಗಾ ಬಿಚ್ಚಿ ಧೂಳಿಗೆ ಬಿತ್ತು. ಅವನು ಮಾವನನ್ನು ಹಾಗೆಯೇ ಬಂಡೆಯ ಹಿಂದಕ್ಕೆ ಎಳೆದುಕೊಂಡು ಹೋದ.

ಕಾಡತೂಸು ಹಾರಲಿಲ್ಲ. ಹಾರಿದ್ದರೆ ಜನರಿಗೆ ಎಲ್ಲ ತಿಳಿಯುತ್ತಿತ್ತು. ಹಾರದೇ ಇದ್ದದ್ದರಿಂದ ಅವರು ಕಂಡದ್ದು ಇಷ್ಟೇ: ಹಬ್ಬದ ದಿನ, ಊರ ಮುಂದೆ, ಅಳಿಯ ಮಾವನ ಕೈ ತಿರುಚಿ ಪಟಗಾ ಕೆಡವಿದ. ದಿಬ್ಬದ ಮೇಲೆ ಗದ್ದಲವೆದ್ದಿತು. ಚಂದವ್ವ ಆರತಿ ತಟ್ಟೆ ಹಿಡಿದುಕೊಂಡೇ ಕುಸಿದು ಕೂತಳು. ಸ್ವಲ್ಪ ಹೊತ್ತು ಕಾದು ಸಿದ್ದರಾಯ ಬಂಡೆಯ ಹಿಂದಿನಿಂದ ಈಚೆ ಬಂದ. ಪಟಗಾ ಎತ್ತಿ, ಧೂಳು ಕೊಡವಿ, ಮಾವನ ಮಡಿಲಲ್ಲಿ ಇಟ್ಟ.

ಆಗ ರಾಚಪ್ಪನಿಗೆ ಹೊಳೆಯಿತು. "ಏ, ಸುಮ್ನಿರ್ರಿ ಎಲ್ಲಾರು! ಉಸ್ತಾದರು ಪರೀಕ್ಷಾ ಮಾಡಿದ್ರು. ಸಿದ್ದರಾಯ ಪಾಸ್ ಆದ, ನಾವು ಫೇಲ್ ಆದ್ವಿ!" ಎಂದು ದಿಬ್ಬಕ್ಕೆ ಕೇಳುವಂತೆ ಕೂಗಿದ.

ಜನ ತಣ್ಣಗಾದರು. ಎಲ್ಲರೂ ಹವಾಲ್ದಾರರ ಕಡೆ ನೋಡಿದರು. ಅವರು ಒಮ್ಮೆ ತಲೆಯಾಡಿಸಿದ್ದರೆ ಸಾಕಿತ್ತು. ಮಾವನ ಮಾನ ಉಳಿಯುತ್ತಿತ್ತು, ಅಳಿಯನದೂ ಉಳಿಯುತ್ತಿತ್ತು, ಹಬ್ಬದೂಟವೂ ಸರಿಯಾಗಿ ನಡೆಯುತ್ತಿತ್ತು. ನಿಜ ಹೇಳಬೇಕೆಂದರೆ, ತಲೆಯಾಡಿಸಲಿ ಎಂದು ನಾನೂ ಬೇಡಿಕೊಂಡೆ.

ಸಿದ್ದರಾಯ, "ತಪ್ಪಾತ್ರಿ ಮಾವಾರ" ಎಂದು ಅವರ ಕಾಲಿಗೆ ಬಗ್ಗಿದ. ಬಗ್ಗಿದವನ ಮುಂಗೈಯನ್ನು ಹವಾಲ್ದಾರರು ಮೂರು ಬೆರಳಿನ ಎಡಗೈಯಿಂದ ಹಿಡಿದು ನಿಲ್ಲಿಸಿದರು.

"ಕಾಲಿಗಿ ಬೀಳಬ್ಯಾಡ್ರಿ. ಇವತ್ತ ನೀವು ಬಿದ್ರ, ನಾಳಿ ಯಾಂವನೂ ಯಾರ ಕೈನೂ ಹಿಡಿಯೂದಿಲ್ಲ."

ಪಟಗಾ ಸುತ್ತಿಕೊಳ್ಳದೆ, ಬರಿದಲೆಯಲ್ಲೇ ಎದ್ದು ದಿಬ್ಬದ ಕಡೆ ತಿರುಗಿದರು. ಬರಿದಲೆಯಲ್ಲಿ ಅವರನ್ನು ನಾವು ಯಾರೂ ನೋಡಿರಲಿಲ್ಲ.

"ಪರೀಕ್ಷಾ ಅಲ್ಲ ಅದು," ಎಂದರು. ದನಿ ಎಲ್ಲರಿಗೂ ಕೇಳಿಸಿತು. "ನಾ ಖರೇನ ತಪ್ಪಿದೆ. ಜನ್ಮ ಎಲ್ಲಾ ಇದನ್ನ ಕಲಿಸಿದ ಕೈ ಇದು, ತಾನ ತಪ್ಪ ಮಾಡ್ತು. ನೀವೆಲ್ಲಾ ಕೈ ಮುಗದು ನಿಂತ್ರಿ. ನನ್ನ ಅಳಿಯ ಹಿಡದ. ಇವತ್ತ ನನ್ನ ಕಣ್ಣ ಉಳದಿದ್ರ ಅದು ಇವರಿಂದ."

ಪೆಟ್ಟಿಗೆಯ ಕೀಲಿಕೈಯನ್ನು ಸೊಂಟದಿಂದ ಬಿಚ್ಚಿ ಸಿದ್ದರಾಯನಿಗೆ ಕೊಟ್ಟರು. ಉಳಿದ ಮೂವರಿಗೆ, "ನೀವು ಇನ್ನೂ ಸ್ವಲ್ಪ ದಿನಾ ಇವರ ಕಡೆ ಕಲೀರಿ, ಆಮ್ಯಾಲ ಕಲಸಾಕ ಹೋಗ್ರಿ" ಎಂದರು. ಅಳಿಯನ ಬಗ್ಗೆ ಪಾಠದ ಜಾಗದಲ್ಲಿ ಅವರು 'ಇವರು' ಎಂದದ್ದು ಅಂದೇ ಮೊದಲು. ಗುರುಲಿಂಗಪ್ಪನವರು ಪಂಚೆಯ ತುದಿಯಿಂದ ಕಣ್ಣು ಒರೆಸಿಕೊಂಡರು.

ಆಮೇಲೆ ಹವಾಲ್ದಾರರು ಪಾಠ ಹೇಳಲಿಲ್ಲ. ಸಿದ್ದರಾಯ ನಾಲ್ಕೂ ತಾಲೂಕು ತಿರುಗಿ ಕಲಿಸಿದ, ಗುರುಲಿಂಗಪ್ಪ, ರಾಚಪ್ಪ, ಕುತುಬುದ್ದೀನರೂ ಕಲಿಸಿದರು. ಊರಲ್ಲಿ ಕೆಲವರು ಬಹಳ ದಿನ, ಅಳಿಯನ ಕೈಯಲ್ಲಿ ಉರುಳಿದ ಮಾವ ಎಂದು ಆಡಿಕೊಂಡರು. ಹವಾಲ್ದಾರರು ಕುರಿ ಹೊಡೆದುಕೊಂಡು ಅದೇ ಚಹಾದಂಗಡಿಯ ಮುಂದೆ ಹಾಯ್ದು ಹೋಗುತ್ತಿದ್ದರು, ತಲೆ ಎತ್ತಿಕೊಂಡು. ಆದರೆ ನಾನು ಹೇಳಲೇಬೇಕಾದದ್ದು ಖಂಡೇ ಪೂಜೆಯ ಮರುದಿನದ ಸಂಗತಿ.

ಮರುದಿನ ಬನ್ನಿ ಹಬ್ಬ. ಚಿಕ್ಕವರು ಹಿರಿಯರ ಮನೆಗೆ ಹೋಗಿ ಬನ್ನಿ ಎಲೆ ಕೊಟ್ಟು ಕಾಲು ಮುಟ್ಟುವುದು ಪದ್ಧತಿ. ಬೆಳಿಗ್ಗೆ ಹವಾಲ್ದಾರರ ಬಲ ಮುಂಗೈ ಊದಿಕೊಂಡು ಕಪ್ಪಾಗಿತ್ತು. ಚಂದವ್ವ ಅರಿಶಿನ, ಎಣ್ಣೆ ಬಿಸಿ ಮಾಡಿ ತಂದರೆ ಹಚ್ಚಿಸಿಕೊಳ್ಳಲಿಲ್ಲ. ಬನ್ನಿ ಎಲೆಯನ್ನು ಪಟಗಾದ ತುದಿಗೆ ಕಟ್ಟಿಕೊಂಡು, "ಮಾಸ್ತರ, ನಾಲತವಾಡಕ್ಕ ಬರ್ತೀರೇನು?" ಎಂದರು. ಮುದ್ದೇಬಿಹಾಳದಲ್ಲಿ ಬಸ್ಸು ಬದಲಿಸಿ ನಾವು ಅಲ್ಲಿಗೆ ಹೋದಾಗ ಮಧ್ಯಾಹ್ನ ಇಳಿದಿತ್ತು.

ಬೀರಣ್ಣ ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ಹೆಜ್ಜೆಯ ಸಪ್ಪಳಕ್ಕೇ ಗುರುತು ಹಿಡಿದು ಗಡಬಡಿಸಿ ಎದ್ದ.

"ಉಸ್ತಾದ! ಹಬ್ಬದ ದಿನಾ ತಾವ್ಯಾಕ ಬಂದ್ರಿ? ನಾ ಬಂದು ಬನ್ನಿ ಕೊಡಬೇಕಿತ್ತು."

"ಈ ಸಲ ನಾನ ಕೊಡಬೇಕಪಾ," ಎಂದು ಹವಾಲ್ದಾರರು ಅವನ ಅಂಗೈಯಲ್ಲಿ ಎಲೆ ಇಟ್ಟರು. ಆಮೇಲೆ ಅವನ ಪಕ್ಕದಲ್ಲಿ ಕೂತು, ತಮ್ಮ ಊದಿದ ಮುಂಗೈ ಎತ್ತಿ ಅವನ ಬೆರಳುಗಳ ಕೆಳಗೆ ಇಟ್ಟರು.

ಬೀರಣ್ಣನ ಬೆರಳು ಆ ಊತದ ಮೇಲೆ ಮೆಲ್ಲಗೆ ಹರಿದಾಡಿದವು. "ಏನಾತ್ರಿ ಇದು?"

"ನಿನ್ನಿ ನಾ ಮತ್ತ ತಪ್ಪಿದೆ ಬೀರಣ್ಣಾ. ಹಾರದ ಕಾಡತೂಸು ಕಣ್ಣಿಗಿ ಒತ್ಕೊಳ್ಳಾಕ ಹೊಂಟಿದ್ದೆ. ಒಬ್ಬ ಬಂದು ಹಿಡದ."

ಒಳಗಿನಿಂದ ಬೀರಣ್ಣನ ಹೆಂಡತಿ ರಾಮವ್ವ ನೀರಿನ ತಂಬಿಗೆ ತಂದವಳು ಬಾಗಿಲಲ್ಲೇ ನಿಂತಳು. ಅವನ ಬೆರಳು ಹವಾಲ್ದಾರರ ಮುಂಗೈಯ ಸುತ್ತ ಬಂದು ಕೂಡಿದವು, ಬಿಗಿಯಾದವು, ಇನ್ನೂ ಬಿಗಿಯಾದವು.

"ಹಿಂಗ ಹಿಡದ್ನೇನ್ರಿ?"

"ಹೂಂ. ಹಿಂಗ."

ಅವರಿಗೆ ಎಷ್ಟು ನೋಯುತ್ತಿತ್ತೆಂದು ನನಗೆ ಕಾಣುತ್ತಿತ್ತು. ಹವಾಲ್ದಾರರು ಕೈ ಎಳೆದುಕೊಳ್ಳಲಿಲ್ಲ.